ಬುಡದಿಂದ ಬಿಳಿಯಾದ ಹವಳ: ನನ್ನ ಟ್ಯಾಂಕಿನ 58 ದಿನಗಳ ದುರಸ್ತಿ ಡೈರಿ

ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಇದೆ. ಟ್ಯಾಂಕ್ 240 ಲೀಟರಿನದು. ಕೆಳಗಿನ ಸಂಪ್ (ಫಿಲ್ಟರ್, ಪಂಪ್ ಇಡುವ ಇನ್ನೊಂದು ತೊಟ್ಟಿ) ಸೇರಿಸಿ, ಕಲ್ಲು ಮರಳಿನ ಜಾಗ ಕಳೆದರೆ, ಓಡಾಡುವ ನೀರು ಸುಮಾರು 260 ಲೀಟರ್. ಶುರು ಮಾಡಿ ಒಂದೂವರೆ ವರ್ಷ ಆಗಿತ್ತು. ಇರುವ ಹವಳಗಳು: ಕೊಂಬೆಯಾಗಿ ಬೆಳೆಯುವ ಎರಡು ಆಕ್ರೊಪೋರಾ, ತಟ್ಟೆಯ ಹಾಗೆ ಹರಡಿದ ಒಂದು ಮಾಂಟಿಪೋರಾ, ಆರು ತಲೆಯ ಒಂದು ಹ್ಯಾಮರ್ ಹವಳ, ಜೊವಾಂತಿಡ್, ಮಶ್ರೂಮ್ ಅನ್ನುವ ಮೆದು ಜಾತಿಗಳು. ಮೀನು ಮೂರೇ. ಗಾಜಿನ ಮೇಲಿನ ಪಾಚಿ ತಿನ್ನಲು ಹತ್ತು ಹನ್ನೆರಡು ಟ್ರೋಕಸ್ ಬಸವನಹುಳು. ಒಂದು ವರ್ಷ ಎಲ್ಲವೂ ಚೆನ್ನಾಗಿ ಬೆಳೆದವು. ಆಮೇಲೆ ಸಾಯೋಕೆ ಶುರುವಾಯಿತು. ಏನು ನೋಡಿದೆ, ಏನು ತಪ್ಪು ತಿಳಿದೆ, ಏನು ಬದಲಿಸಿದೆ ಅನ್ನೋದನ್ನು ದಿನದ ಲೆಕ್ಕದಲ್ಲೇ ಬರೆದಿದ್ದೇನೆ.

ದಿನ 1

ಬೆಳಿಗ್ಗೆ ದೀಪ ಹತ್ತಿದಾಗ ದೊಡ್ಡ ಆಕ್ರೊಪೋರಾದ ಬುಡ ಬೆಳ್ಳಗೆ ಕಂಡಿತು. ಬೆರಳಗಲದಷ್ಟು. ಮೇಲಿನ ಕೊಂಬೆಗಳ ಬಣ್ಣ ಇನ್ನೂ ಹಾಗೇ ಇತ್ತು, ತುದಿಗಳೂ ಚೆನ್ನಾಗಿದ್ದವು.

ಮೊದಲು ಗೊತ್ತಾಗಬೇಕಾದದ್ದು ಅದು ಎಂಥ ಬಿಳಿ ಅನ್ನೋದು. ಹವಳದ ಚರ್ಮದೊಳಗಿನ ಪಾಚಿ ಹೊರಟುಹೋದರೂ ಹವಳ ಬೆಳ್ಳಗಾಗುತ್ತದೆ. ಅದು ಬ್ಲೀಚಿಂಗ್. ಆಗ ಚರ್ಮ ಇನ್ನೂ ಇರುತ್ತದೆ, ಗಾಜಿನ ಹಾಗೆ ಪಾರದರ್ಶಕವಾಗಿ ಎಲುಬಿನ ಮೇಲೆ ಅಂಟಿಕೊಂಡಿರುತ್ತದೆ, ಹವಳದ ಪುಟ್ಟ ಬಾಯಿಗಳಾದ ಪಾಲಿಪ್‌ಗಳು ಹೊರಗೆ ಬರುತ್ತವೆ. ಬಿಸಿ ಅಥವಾ ಬೆಳಕು ಜಾಸ್ತಿಯಾದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ನನ್ನದು ಅದಲ್ಲ. ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಣ್ಣದ ಚರ್ಮ ಮತ್ತು ಬರೀ ಎಲುಬಿನ ನಡುವೆ ಗೆರೆ ಎಳೆದ ಹಾಗೆ ಅಂಚಿತ್ತು. ಅಂಚಿನ ಚರ್ಮ ಸ್ವಲ್ಪ ಸಡಿಲವಾಗಿ, ಒದ್ದೆ ಕಾಗದದ ಚೂರಿನಂತೆ ನೀರಿನ ಹರಿವಿಗೆ ಅಲುಗುತ್ತಿತ್ತು. ಕೆಳಗೆ ಎಲುಬಿನ ಪುಟ್ಟ ಬಟ್ಟಲುಗಳು ಖಾಲಿ, ಚೂಪು, ಅಪ್ಪಟ ಬಿಳಿ. ಅಂದರೆ ಚರ್ಮವೇ ಕಳಚಿಕೊಂಡು ಹೋಗುತ್ತಿದೆ. ಕೆಲವೇ ಗಂಟೆಗಳಲ್ಲಿ ಇಡೀ ಹವಳ ಹೋದರೆ ಅದಕ್ಕೆ ಆರ್‌ಟಿಎನ್ ಅನ್ನುತ್ತಾರೆ. ಬುಡದಿಂದ ದಿನಕ್ಕಿಷ್ಟು ಅಂತ ಹೋದರೆ ಎಸ್‌ಟಿಎನ್. ನನ್ನದು ಎರಡನೆಯದು. ಅಷ್ಟರ ಮಟ್ಟಿಗೆ ಸಮಯ ಇತ್ತು.

ಹ್ಯಾಮರ್ ಹವಳ ಅರ್ಧ ಮಾತ್ರ ಅರಳಿತ್ತು. ಮಶ್ರೂಮ್ ಮಾಮೂಲಿ. ಮೀನುಗಳು ಗಟ್ಟಿಮುಟ್ಟು. ಎರಡು ಬಸವನಹುಳು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಎತ್ತಿ ಗಾಜಿಗೆ ಅಂಟಿಸಿದೆ, ಮತ್ತೆ ಬಿದ್ದವು. ಇದನ್ನು ಡೈರಿಯಲ್ಲಿ ಬರೆದೆ, ಆದರೆ ಅದರ ಅರ್ಥ ಏನು ಅಂತ ಆವತ್ತು ಯೋಚಿಸಲಿಲ್ಲ. ಎರಡು ವಾರ ಹೋದದ್ದು ಅದಕ್ಕೇ.

ದಿನ 2

ರಾತ್ರಿ ದೀಪ ಆರಿ ಎರಡು ಗಂಟೆ ಆದ ಮೇಲೆ ಕೆಂಪು ಟಾರ್ಚ್ ಹಿಡಿದು ಹುಳ ಹುಡುಕಿದೆ. ಆಕ್ರೊಪೋರಾ ತಿನ್ನುವ ಚಪ್ಪಟೆ ಹುಳ ಇದ್ದರೆ ಕೊಂಬೆಯ ಮೇಲೆ ಸಣ್ಣ ದುಂಡನೆಯ ಕಚ್ಚಿದ ಗುರುತು ಇರುತ್ತದೆ, ಸತ್ತ ಎಲುಬಿನ ಮೇಲೆ ಕಂದು ಮೊಟ್ಟೆಗಳ ಗುಂಪು ಇರುತ್ತದೆ. ಪೈಪೆಟ್‌ನಿಂದ ಜೋರಾಗಿ ನೀರು ಊದಿಯೂ ನೋಡಿದೆ. ಏನೂ ಉದುರಲಿಲ್ಲ.

ಹಾಗಾದರೆ ನೀರು. ಎಲ್ಲ ಅಳತೆಯನ್ನೂ ಒಂದೇ ಸಲ ಕೂತು ಮಾಡಿದೆ. ಉಷ್ಣತೆ 25.6 ಡಿಗ್ರಿ, ಇನ್ನೊಂದು ಥರ್ಮಾಮೀಟರ್‌ನಲ್ಲೂ ಅಷ್ಟೇ. ಉಪ್ಪು 35 ಪಿಪಿಟಿ, ಅಂದರೆ ಸಾವಿರಕ್ಕೆ 35. ಪಿಎಚ್ 8.1. ಅಮೋನಿಯಾ ಸೊನ್ನೆ. ನೈಟ್ರೇಟ್ 8 ಪಿಪಿಎಂ (ಹತ್ತು ಲಕ್ಷಕ್ಕೆ 8), ಫಾಸ್ಫೇಟ್ 0.06. ಆಲ್ಕಲಿನಿಟಿ, ಅಂದರೆ ಹೆಚ್ಚುಕಡಿಮೆ ನೀರಿನ ಕಾರ್ಬೊನೇಟಿನ ಅಳತೆ, 8.1 ಡಿಕೆಎಚ್ (ಅದರ ಮಾನ). ಇಷ್ಟೂ ಓದಿದಾಗ ಯಾರಾದರೂ 'ನೀರು ಚೆನ್ನಾಗಿದೆಯಲ್ಲ' ಅಂತಲೇ ಅನ್ನುತ್ತಾರೆ. ಕ್ಯಾಲ್ಸಿಯಂ 375, ಮೆಗ್ನೀಸಿಯಂ 1155. ಇವೆರಡು ಮಾತ್ರ ಕಡಿಮೆ.

ನನ್ನ ಹತ್ತಿರ ಮೆಗ್ನೀಸಿಯಂ ಕ್ಲೋರೈಡ್ ಡಬ್ಬ ಇತ್ತು. ಅಳೆದು ಸುರಿದುಬಿಡಬೇಕು ಅನ್ನಿಸಿತು. ಸುರಿಯಲಿಲ್ಲ, ಅದೊಂದು ಪುಣ್ಯ. ಹಳೆಯ ಪುಟ ತಿರುವಿದೆ. ನಾಲ್ಕು ತಿಂಗಳ ಹಿಂದೆ ಕ್ಯಾಲ್ಸಿಯಂ 425, ಮೆಗ್ನೀಸಿಯಂ 1310 ಇತ್ತು. ಭಾಗಿಸಿ ನೋಡಿದರೆ ಎರಡೂ ನೂರಕ್ಕೆ ಸುಮಾರು 12ರಷ್ಟು ಇಳಿದಿವೆ.

ಇದು ಸುಮ್ನೆ ಬಿಡುವ ವಿಷಯವಲ್ಲ. ಹವಳ ಎಲುಬು ಕಟ್ಟೋದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದ. ಮೆಗ್ನೀಸಿಯಂ ಖರ್ಚಾಗೋದು ಬಹಳ ನಿಧಾನ. ಹವಳವೇ ತಿಂದಿದ್ದರೆ ಕ್ಯಾಲ್ಸಿಯಂ ಜಾಸ್ತಿ ಇಳಿಯಬೇಕು, ಮೆಗ್ನೀಸಿಯಂ ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ಎರಡೂ ಒಂದೇ ಪಾಲಿನಲ್ಲಿ ಇಳಿದಿವೆ ಅಂದರೆ ಯಾರೂ ತಿಂದಿಲ್ಲ, ಇಡೀ ನೀರೇ ತೆಳ್ಳಗಾಗಿದೆ. ಆಲ್ಕಲಿನಿಟಿ ಮಾತ್ರ ಸರಿಯಾಗಿ ಕಂಡದ್ದು ಯಾಕೆ ಅಂದರೆ, ಅದನ್ನು ವಾರವಾರ ಅಳೆದು ಅದನ್ನು ಏರಿಸಲು ಹಾಕುವ ಡೋಸ್ ನಾನೇ ತಿದ್ದುತ್ತಿದ್ದೆ.

ಆದರೆ ಉಪ್ಪು ಅಳೆಯುವ ಮೀಟರ್ 35 ತೋರಿಸುತ್ತಿದೆ. ಅಂದರೆ ಮೀಟರ್ ಮೇಲೆ ಅನುಮಾನ ಪಡಬೇಕು.

ದಿನ 3

ಹಳೆಯ ಗಾಜಿನ ಹೈಡ್ರೋಮೀಟರ್ ಒಡೆದುಹೋಗಿ ನಾಲ್ಕು ತಿಂಗಳ ಹಿಂದೆ ರಿಫ್ರ್ಯಾಕ್ಟೋಮೀಟರ್ (ನೀರು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅಂತ ನೋಡಿ ಉಪ್ಪು ಅಳೆಯುವ ಮೀಟರ್) ತಂದಿದ್ದೆ. ಜೊತೆಗೆ ಬಂದ ಚೀಟಿಯಲ್ಲಿದ್ದ ಹಾಗೆ ಶುದ್ಧ ನೀರು ಹಾಕಿ ಸೊನ್ನೆಗೆ ಕೂರಿಸಿದ್ದೆ. ಆಮೇಲೂ ಸೊನ್ನೆ ನೋಡುತ್ತಿದ್ದೆ, ಪ್ರತಿ ಸಲ ಸರಿಯಾಗೇ ಇರುತ್ತಿತ್ತು. ಸೊನ್ನೆ ಸರಿ ಇದ್ದರೆ 35 ಕೂಡ ಸರಿ ಇರುತ್ತದೆ ಅಂತ ನಂಬಿದ್ದೆ. ಅದು ನಿಜವಲ್ಲ. ಅಗ್ಗದ ಎಷ್ಟೋ ರಿಫ್ರ್ಯಾಕ್ಟೋಮೀಟರ್‌ಗಳ ಮಾಪಕ ಸಮುದ್ರದ ನೀರಿಗಾಗಿ ಮಾಡಿದ್ದಲ್ಲ, ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಮಾಡಿದ್ದು. ಜೊತೆಗೆ ತಯಾರಿಕೆಯ ಏರುಪೇರು ಸೇರಿದರೆ ಕೆಳಗಿನ ತುದಿ ಸರಿ ಇದ್ದು ಮೇಲಿನ ತುದಿ ತಪ್ಪಬಹುದು.

35 ಪಿಪಿಟಿಯ ಪರೀಕ್ಷಾ ದ್ರಾವಣದ ಎರಡು ಹನಿ ಹಾಕಿ, ಮುಚ್ಚಳ ಇಳಿಸಿ, ಗಾಜು ಮತ್ತು ಹನಿಯ ಬಿಸಿ ಒಂದಾಗಲಿ ಅಂತ ಒಂದು ನಿಮಿಷ ಕಾದೆ. ಬೆಳಕಿಗೆ ಹಿಡಿದು ನೋಡಿದರೆ ನೀಲಿ-ಬಿಳಿ ಗೆರೆ 39ರ ಮೇಲೆ ನಿಂತಿತ್ತು. ಒರೆಸಿ ಇನ್ನೊಂದು ಸಲ ಹಾಕಿದೆ. ಮತ್ತೆ 39.

ದ್ರಾವಣವೇ ಕೆಟ್ಟಿದ್ದರೆ? ಅದಕ್ಕೂ ಮನೆಯಲ್ಲೇ ದಾರಿ ಇದೆ. ಬೇರೇನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ ತೂಗಿ, 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ, ಅದು ಬೆಳಕನ್ನು ಬಗ್ಗಿಸುವ ಪ್ರಮಾಣ 35 ಪಿಪಿಟಿ ಸಮುದ್ರದ ನೀರಿನಷ್ಟೇ ಇರುತ್ತದೆ. ಗ್ರಾಂ ಲೆಕ್ಕದ ತಕ್ಕಡಿ ಇದ್ದರೆ ಸಾಕು. ಮಾಡಿ ನೋಡಿದೆ. ಅದೂ 39ರ ಹತ್ತಿರವೇ ಬಂತು.

ಹಾಗಾದರೆ ಮೀಟರ್ 35 ಅಂದಾಗ ಟ್ಯಾಂಕಿನಲ್ಲಿ ಇದ್ದದ್ದು ಹೆಚ್ಚುಕಡಿಮೆ 31. ನಾನೇ ಕೈಯಾರೆ, ಪ್ರತಿ ಸಲ ನೀರು ಬದಲಿಸುವಾಗ, ನಾಲ್ಕು ತಿಂಗಳು ನೀರನ್ನು ತೆಳ್ಳಗೆ ಮಾಡುತ್ತಾ ಬಂದಿದ್ದೆ. ಆ ಹೊತ್ತು ಮನಸ್ಸಿಗೆ ತುಂಬಾ ಬೇಜಾರಾಯಿತು. ಸ್ಕ್ರೂ ತಿರುಗಿಸಿ ದ್ರಾವಣದ ಮೇಲೆ 35ಕ್ಕೆ ಕೂರಿಸಿದೆ. ಈಗ ಶುದ್ಧ ನೀರು ಹಾಕಿದರೆ ಸೊನ್ನೆ ತಪ್ಪುತ್ತದೆ. ತಪ್ಪಲಿ, ನನಗೆ ಬೇಕಾದದ್ದು 35ರ ಹತ್ತಿರದ ಓದು.

ದಿನ 4ರಿಂದ 11

ಉಪ್ಪು ಏರಿಸಬೇಕು, ಆದರೆ ಒಂದೇ ಏಟಿಗೆ ಅಲ್ಲ. ಸೋತಿರುವ ಹವಳಕ್ಕೆ ಹಠಾತ್ ಬದಲಾವಣೆ ಇನ್ನೊಂದು ಪೆಟ್ಟು. ಲೆಕ್ಕ ಹೀಗೆ: 260 ಲೀಟರಿಗೆ 4 ಪಿಪಿಟಿ ಏರಿಸಲು ಸುಮಾರು ಒಂದು ಕಿಲೋ ಉಪ್ಪು ಬೇಕು. ನನ್ನ ಟ್ಯಾಂಕಿನಿಂದ ದಿನಕ್ಕೆ ಸುಮಾರು 4 ಲೀಟರ್ ಆವಿಯಾಗುತ್ತದೆ. ಅದನ್ನು ತುಂಬುವ ಆಟೋ ಟಾಪ್ ಆಫ್ ಡಬ್ಬದಲ್ಲಿ ಶುದ್ಧ ನೀರಿನ ಬದಲು 35ರ ಉಪ್ಪುನೀರು ಇಟ್ಟರೆ ದಿನಕ್ಕೆ 140 ಗ್ರಾಂ ಉಪ್ಪು ಸೇರುತ್ತದೆ, ಅಂದರೆ ಅರ್ಧ ಪಿಪಿಟಿಗಿಂತ ಸ್ವಲ್ಪ ಜಾಸ್ತಿ. ಎಂಟು ದಿನ ಸಾಕು. ಹನಿಹನಿಯಾಗಿ, ಹಗಲೂ ರಾತ್ರಿ, ತಾನಾಗೇ ಏರುತ್ತದೆ.

ಒಂದು ಎಚ್ಚರಿಕೆ. ಹೊಸ ಉಪ್ಪಿನ ಜೊತೆ ಆಲ್ಕಲಿನಿಟಿಯೂ ಬರುತ್ತದೆ. ಎಂಟು ದಿನಕ್ಕೆ ಸುಮಾರು 1 ಡಿಕೆಎಚ್ ಆಗುತ್ತದೆ ಅಂತ ಅಂದಾಜು ಮಾಡಿ ಡೋಸ್ ತಗ್ಗಿಸಿದೆ, ದಿನ ಬಿಟ್ಟು ದಿನ ಅಳೆದೆ. ಸಂಜೆ ಸಂಜೆ ಉಪ್ಪನ್ನೂ ಅಳೆದೆ. 35 ಮುಟ್ಟಿದ ದಿನವೇ ಡಬ್ಬಕ್ಕೆ ಶುದ್ಧ ನೀರು ವಾಪಸ್ ಹಾಕಬೇಕು. ಮರೆತರೆ ಅದು ಏರುತ್ತಲೇ ಹೋಗುತ್ತದೆ.

ದಿನ 12

ಉಪ್ಪು 35. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300. ಬೇರೆ ಒಂದು ಚಮಚ ಪುಡಿಯನ್ನೂ ಹಾಕದೆ ಎರಡೂ ತಮ್ಮ ಜಾಗಕ್ಕೆ ಬಂದವು. ದಿನ 2ರಂದು ಮೆಗ್ನೀಸಿಯಂ ಸುರಿದಿದ್ದರೆ ಇವತ್ತು 1450ರ ಮೇಲೆ ಇರುತ್ತಿತ್ತು.

ಹ್ಯಾಮರ್ ಪೂರ್ತಿ ಅರಳಿತ್ತು. ಆರೂ ತಲೆ. ಅದನ್ನು ನೋಡಿ ಕೆಲಸ ಮುಗಿಯಿತು ಅಂದುಕೊಂಡೆ.

ಆದರೆ ಆಕ್ರೊಪೋರಾದ ಬಿಳಿ ಗೆರೆ ಎರಡು ಬೆರಳು ಮೇಲೆ ಹೋಗಿತ್ತು. ಎರಡನೆಯ ಆಕ್ರೊಪೋರಾದ ಬುಡವೂ ಬೆಳ್ಳಗಾಗಿತ್ತು. ಮಾಂಟಿಪೋರಾದ ಅಂಚು ತೆಳುವಾಗಿತ್ತು. ಬಸವನಹುಳುಗಳಲ್ಲಿ ಮೂರು ಅಷ್ಟರಲ್ಲಿ ಸತ್ತಿದ್ದವು. ಉಪ್ಪು ತೆಳ್ಳಗಿದ್ದದ್ದು ನಿಜ, ಅದರಿಂದ ಹ್ಯಾಮರ್‌ಗೆ ಕಷ್ಟ ಆಗಿದ್ದೂ ನಿಜ. ಆದರೆ ಆಕ್ರೊಪೋರಾವನ್ನು ಕೊಲ್ಲುತ್ತಿರೋದು ಬೇರೆ ಏನೋ.

ದಿನ 13

ಕಾರಣ ಹುಡುಕುವಷ್ಟರಲ್ಲಿ ಹವಳವೇ ಇರೋದಿಲ್ಲ. ಅದಕ್ಕೆ ಕತ್ತರಿ ಹಿಡಿದೆ. ಬಿಳಿ ಗೆರೆಗಿಂತ ಒಂದು ಸೆಂಟಿಮೀಟರ್ ಮೇಲೆ, ಗಟ್ಟಿ ಬಣ್ಣ ಇರುವ ಕಡೆ ಕತ್ತರಿಸಬೇಕು. ಗೆರೆಯ ಮೇಲೇ ಕತ್ತರಿಸಿದರೆ ಸಡಿಲವಾದ ಚರ್ಮವೂ ಜೊತೆಗೆ ಬಂದು ಅಲ್ಲಿಂದ ಮತ್ತೆ ಕಳಚುತ್ತದೆ. ಎಲುಬು ಕತ್ತರಿಸುವಾಗ ಒಣ ಕಡ್ಡಿ ಮುರಿದಂಥ ಸದ್ದು. ಒಳಗೆ ಸೀಮೆಸುಣ್ಣದ ಹಾಗೆ ಬಿಳಿ, ರಂಧ್ರ ರಂಧ್ರ. ಒಟ್ಟು ಐದು ತುಂಡು. ಅಯೋಡಿನ್ ಡಿಪ್‌ನಲ್ಲಿ ಚೀಟಿ ಹೇಳಿದಷ್ಟು ಹೊತ್ತು ಅದ್ದಿ, ಬೇರೆ ಪಾತ್ರೆಯ ಉಪ್ಪುನೀರಿನಲ್ಲಿ ಜಾಲಿಸಿ, ಜೆಲ್ ಅಂಟಿನಿಂದ ಪುಟ್ಟ ಬಿಲ್ಲೆಯಂಥ ಪ್ಲಗ್‌ಗೆ ಕೂರಿಸಿದೆ. ಕತ್ತರಿಸಿದ ಬಾಯಿ ಪೂರ್ತಿ ಅಂಟಿನೊಳಗೆ ಮುಚ್ಚಿಹೋಗುವ ಹಾಗೆ ನೋಡಿಕೊಂಡೆ. ಇದನ್ನು ಮೊದಲ ವಾರವೇ ಮಾಡಿದ್ದರೆ ಇನ್ನೂ ನಾಲ್ಕಾರು ತುಂಡು ಸಿಗುತ್ತಿತ್ತು.

ದಿನ 14ರಿಂದ 16

ಬಸವನಹುಳುವಿನ ಸಾಲನ್ನು ಡೈರಿಯಲ್ಲಿ ಮತ್ತೆ ಓದಿದೆ. ಮೀನು ಚೆನ್ನಾಗಿದೆ, ಹವಳ ಸಾಯುತ್ತಿದೆ, ಬಸವನಹುಳುಗಳಿಗೆ ಗಾಜು ಹಿಡಿಯೋಕೂ ಆಗುತ್ತಿಲ್ಲ. ಅಮೋನಿಯಾ ಆಗಿದ್ದರೆ ಮೀನೂ ಒದ್ದಾಡಬೇಕಿತ್ತು. ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಮಾತ್ರ ಹಿಡಿದುಕೊಳ್ಳೋದು ಅಂದರೆ ಮೊದಲು ನೆನಪಾಗಬೇಕಾದದ್ದು ಲೋಹ. ತಾಮ್ರ ಅದರಲ್ಲಿ ಮುಖ್ಯವಾದದ್ದು. ಮೀನಿನ ರೋಗಕ್ಕೆ ತಾಮ್ರದ ಔಷಧ ಕೊಡುವಾಗ ಹವಳ, ಬಸವನಹುಳು, ಸೀಗಡಿ ಯಾವುದೂ ಆ ನೀರಿನಲ್ಲಿ ಇರಬಾರದು ಅನ್ನೋದು ಇದಕ್ಕೇ ಅಲ್ವಾ.

ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿತು. ಅದರಿಂದ ಸಮಾಧಾನ ಪಡುವ ಹಾಗಿಲ್ಲ. ಆ ಕಿಟ್‌ಗಳು ಇರೋದು ಔಷಧದ ಪ್ರಮಾಣ ಅಳೆಯೋಕೆ. ಹವಳಕ್ಕೆ ತೊಂದರೆ ಕೊಡುವ ಸಣ್ಣ ಪ್ರಮಾಣ ಅವುಗಳ ಕಣ್ಣಿಗೆ ಬೀಳೋದಿಲ್ಲ. ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ ಪರೀಕ್ಷೆಗೆ ಲ್ಯಾಬ್‌ಗೆ ಒಂದು ಬಾಟಲಿ ನೀರು ಕಳಿಸಿದೆ. ಉತ್ತರ ಬರುವವರೆಗೆ ಸುಮ್ನೆ ಕೂರಲಾಗಲಿಲ್ಲ.

ಶುದ್ಧ ನೀರಿನ ದಾರಿ ಮೊದಲು ನೋಡಿದೆ. ಆರ್‌ಓ ದಾಟಿ, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ದಾಟಿ ಬಂದ ನೀರಿನ ಟಿಡಿಎಸ್ ಸೊನ್ನೆ. ಪೈಪ್, ಕೀಲು ಎಲ್ಲ ಪ್ಲಾಸ್ಟಿಕ್, ಎಲ್ಲೂ ಹಿತ್ತಾಳೆ ಇಲ್ಲ. ಅಲ್ಲಿಂದ ಬರುತ್ತಿಲ್ಲ.

ಆಮೇಲೆ ಸಂಪ್‌ನಲ್ಲಿ ನೀರು ಜೋರಾಗಿ ಹಾಯುವ ಜಾಗದಲ್ಲಿ ಪಾಲಿ ಫಿಲ್ಟರ್ ಪ್ಯಾಡ್ ಇಟ್ಟೆ. ಇದು ಬಿಳಿಯ ಪ್ಯಾಡ್, ಹಿಡಿದುಕೊಂಡ ವಸ್ತುವಿನ ಮೇಲೆ ಬಣ್ಣ ಬದಲಾಗುತ್ತದೆ. ಬರೀ ಕೊಳೆಯಾದರೆ ಕಂದು, ಆಮೇಲೆ ಕಪ್ಪು. ತಾಮ್ರ ಇದ್ದರೆ ನೀಲಿ ಛಾಯೆ. ಕಬ್ಬಿಣ ಇದ್ದರೆ ಕಿತ್ತಳೆ. ಎರಡು ದಿನ ಬಿಟ್ಟು ತೆಗೆದು ಹಿಂಡಿ ಬಿಸಿಲಿಗೆ ಹಿಡಿದೆ. ಕಿತ್ತಳೆ. ಕೊಳೆಯ ಕಂದು ಅಲ್ಲ, ಹಳೆಯ ಮೊಳೆಯ ಬಣ್ಣ.

ಎಲ್ಲೋ ಏನೋ ತುಕ್ಕು ಹಿಡಿಯುತ್ತಿದೆ.

ದಿನ 17, 18

ವೇವ್‌ಮೇಕರ್, ರಿಟರ್ನ್ ಪಂಪ್, ಸ್ಕಿಮ್ಮರ್ ಪಂಪ್, ಹೀಟರ್, ಒಂದೊಂದನ್ನೇ ಬಿಚ್ಚಿದೆ. ಮೀನುಗಳಿಗೆ ಗಾಳಿ ಬೇಕು, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲಿಲ್ಲ, ಸರದಿಯ ಮೇಲೆ ಮಾಡಿದೆ. ಪಂಪಿನೊಳಗಿನ ರೋಟರ್ ಅಂದರೆ ಪ್ಲಾಸ್ಟಿಕ್ ಹೊದಿಸಿದ ಮ್ಯಾಗ್ನೆಟ್. ಹೊದಿಕೆ ಬಿರಿದರೆ ಉಪ್ಪುನೀರು ಒಳಗೆ ಹೋಗುತ್ತದೆ. ಪ್ರತಿ ರೋಟರ್ ಮೇಲೂ ಉಗುರು ಆಡಿಸಿದೆ. ನಯವಾಗಿದ್ದವು. ನಂಬಿಕೆ ಸಾಲದೆ ಒಂದೊಂದು ಸಾಮಾನನ್ನೂ ಬೇರೆ ಬೇರೆ ಬಿಳಿ ಬಕೆಟ್‌ನಲ್ಲಿ, ಹೊಸ ಉಪ್ಪುನೀರಿನಲ್ಲಿ ಒಂದು ರಾತ್ರಿ ಇಟ್ಟೆ. ಜೊತೆಗೆ ಪ್ಯಾಡಿನ ಒಂದೊಂದು ಚೂರು. ಬೆಳಿಗ್ಗೆ ಎಲ್ಲ ಬಕೆಟ್ ತಿಳಿ, ಎಲ್ಲ ಚೂರೂ ಬಿಳಿ. ಟ್ಯಾಂಕಿನೊಳಗಿದ್ದ ಹೊಸ ಪ್ಯಾಡ್ ಮಾತ್ರ ಮತ್ತೆ ಕಿತ್ತಳೆಗೆ ತಿರುಗುತ್ತಿತ್ತು.

ದಿನ 19

ವೈರ್ ಇರುವ ಸಾಮಾನು ಮಾತ್ರ ನೋಡಿದ್ದೆ ಅನ್ನೋದು ಗಾಜು ಒರೆಸಲು ಕೈ ಹಾಕಿದಾಗ ಹೊಳೆಯಿತು. ಪಾಚಿ ಕೆರೆಯುವ ಮ್ಯಾಗ್ನೆಟ್! ಹೊರಗಿನ ತುಂಡು ಗಾಜಿನ ಈಚೆ, ಒಳಗಿನ ತುಂಡು ಆಚೆ. ಒಳಗಿನದು ಒಂದೂವರೆ ವರ್ಷದಿಂದ ಹಗಲೂ ರಾತ್ರಿ ನೀರಿನಲ್ಲೇ, ಮೂಲೆಯಲ್ಲೇ ಇದೆ. ಅದನ್ನು ಸಾಮಾನು ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ತೆಗೆದು ಬಿಳಿ ಕಾಗದದ ಮೇಲೆ ಇಟ್ಟೆ. ಮೇಲಿಂದ ನೋಡಿದರೆ ಏನೂ ಇಲ್ಲ. ಪಕ್ಕದಿಂದ ನೋಡಿದರೆ ಎರಡು ಪ್ಲಾಸ್ಟಿಕ್ ಭಾಗ ಕೂಡುವ ಕಡೆ ಸ್ವಲ್ಪ ಉಬ್ಬಿತ್ತು. ಕೂದಲೆಳೆಯಷ್ಟು ಬಿರುಕು, ಉದ್ದ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಹೆಬ್ಬೆರಳಿನಿಂದ ಒತ್ತಿದೆ. ಬಿರುಕಿನ ತುದಿಯಲ್ಲಿ ಒಂದು ಕಂದು ಹನಿ ಮೂಡಿ ಕಾಗದಕ್ಕೆ ಇಳಿಯಿತು, ಸುತ್ತ ಕಿತ್ತಳೆ ಬಳೆಯಾಗಿ ಹರಡಿತು. ಚಾಕುವಿನಿಂದ ಎಬ್ಬಿಸಿದರೆ ಒಳಗಿನ ಮ್ಯಾಗ್ನೆಟ್ ಪದರ ಪದರವಾಗಿ ಎದ್ದಿತ್ತು, ಒಂದು ಮೂಲೆ ಪುಡಿಪುಡಿ.

ಇಂಥ ಬಲವಾದ ಮ್ಯಾಗ್ನೆಟ್‌ಗಳು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದವು. ತುಕ್ಕು ಹಿಡಿಯದಿರಲಿ ಅಂತ ಮೇಲೆ ಲೇಪ ಕೊಡುತ್ತಾರೆ, ಸಾಮಾನ್ಯವಾಗಿ ನಿಕಲ್, ತಾಮ್ರ, ಮತ್ತೆ ನಿಕಲ್. ಪ್ಲಾಸ್ಟಿಕ್ ಬಿರಿದರೆ ನೀರು ಮೊದಲು ಮುಟ್ಟೋದು ಈ ಲೇಪವನ್ನು. ಕಣ್ಣಿಗೆ ಕಾಣೋದು ಕಬ್ಬಿಣದ ಬಣ್ಣ, ಆದರೆ ಹವಳಕ್ಕೆ ಪೆಟ್ಟು ಕೊಡೋದು ಜೊತೆಗೆ ಬರುವ ತಾಮ್ರ ಮತ್ತು ನಿಕಲ್.

ಎಪಾಕ್ಸಿ ಬಳಿದು ಮತ್ತೆ ಬಳಸುವ ಯೋಚನೆ ಬೇಡ. ತುಕ್ಕು ಒಳಗಿನಿಂದ ಊದಿಕೊಳ್ಳುತ್ತಲೇ ಇರುತ್ತದೆ, ಹೊಸ ಪದರವನ್ನೂ ಒಡೆಯುತ್ತದೆ. ಎಸೆದೆ. ಹೊಸ ಮ್ಯಾಗ್ನೆಟ್ ಬಂದರೂ ಈಗ ಕೆಲಸ ಮುಗಿದ ಕೂಡಲೇ ಹೊರಗೆ ತೆಗೆದು, ತೊಳೆದು, ಒಣಗಿಸಿ ಇಡುತ್ತೇನೆ.

ದಿನ 19ರಿಂದ 33

ಮೂರು ದಿನಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿದೆ, ಒಟ್ಟು ನಾಲ್ಕು ಸಲ. ನಾಲ್ಕು ಸಲಕ್ಕೆ ನೂರಕ್ಕೆ 80 ಹೋಗುತ್ತದೆ ಅಂತ ಅನ್ನಿಸಬಹುದು. ಹಾಗಲ್ಲ. ಪ್ರತಿ ಸಲ ಹೊಸ ನೀರಿನ ಒಂದು ಪಾಲೂ ಹೊರಗೆ ಹೋಗುತ್ತದೆ. 0.8ನ್ನು ನಾಲ್ಕು ಸಲ ಗುಣಿಸಿದರೆ 0.41. ಹಳೆಯದು ನೂರಕ್ಕೆ 41 ಪಾಲು ಉಳಿದೇ ಇರುತ್ತದೆ. ಅದಕ್ಕೇ ಜೊತೆಗೆ ಆಕ್ಟಿವೇಟೆಡ್ ಕಾರ್ಬನ್ ಮತ್ತು ಪ್ಯಾಡ್ ಕೂಡ ಬೇಕಾಯಿತು. ಪ್ರತಿ ಸಲ ಹೊಸ ನೀರಿನ ಉಪ್ಪು, ಬಿಸಿ, ಆಲ್ಕಲಿನಿಟಿ ಮೂರನ್ನೂ ಟ್ಯಾಂಕಿಗೆ ಹೊಂದಿಸಿದ ಮೇಲೇ ಹಾಕಿದೆ.

ಪ್ಯಾಡ್‌ಗಳನ್ನು ಒಣಗಿಸಿ ದಿನಾಂಕ ಬರೆದು ಸಾಲಾಗಿ ಇಟ್ಟೆ. ಮೊದಲನೆಯದು ಗಾಢ ಕಿತ್ತಳೆ, ಎರಡನೆಯದು ಮಾಸಲು, ಮೂರನೆಯದರಲ್ಲಿ ಅಂಚು ಮಾತ್ರ. ಕಲ್ಲು ಮತ್ತು ಮರಳು ಹಿಡಿದಿಟ್ಟುಕೊಂಡ ಲೋಹ ನಿಧಾನವಾಗಿ ವಾಪಸ್ ಬಿಡಬಹುದು, ಹಾಗಾಗಿ ಬಿಳಿ ಕಂಡ ತಕ್ಷಣ ನಿಲ್ಲಿಸದೆ ಮುಂದುವರಿಸಿದೆ.

ದಿನ 33ಕ್ಕೆ ಲ್ಯಾಬ್ ವರದಿ ಬಂತು. ಮ್ಯಾಗ್ನೆಟ್ ಇನ್ನೂ ಒಳಗಿದ್ದಾಗಿನ ನೀರು ಅದು. ತಾಮ್ರ ಲೀಟರಿಗೆ 14 ಮೈಕ್ರೋಗ್ರಾಂ, ನಿಕಲ್ 11. ತೆರೆದ ಸಮುದ್ರದಲ್ಲಿ ಎರಡೂ ಒಂದಕ್ಕಿಂತ ಕಡಿಮೆ ಇರುತ್ತವೆ. ಕಬ್ಬಿಣ ಮಾತ್ರ ಹೆಚ್ಚೇನೂ ಕಾಣಲಿಲ್ಲ. ಅದು ನೀರಿನಲ್ಲಿ ಕರಗಿ ಉಳಿಯೋದಿಲ್ಲ, ಆಮ್ಲಜನಕ ತಾಗಿ ತುಕ್ಕಿನ ಕಣವಾಗಿ ಕೆಳಗೆ ಕೂರುತ್ತದೆ. ಬರೀ ವರದಿ ನೋಡಿದ್ದರೆ ತುಕ್ಕು ಅಂತ ನನಗೆ ಹೊಳೆಯುತ್ತಲೇ ಇರಲಿಲ್ಲ. ಪ್ಯಾಡಿನ ಬಣ್ಣ ಅದನ್ನು ಹೇಳಿತು.

ದಿನ 58

ದೊಡ್ಡ ಆಕ್ರೊಪೋರಾದ ತಾಯಿಗಿಡ ಉಳಿಯಲಿಲ್ಲ. ಅದರ ಎಲುಬಿನ ಮೇಲೆ ಈಗ ಹಸಿರು ಪಾಚಿ. ಮಾಂಟಿಪೋರಾ ಮೂರನೇ ಒಂದು ಭಾಗ ಕಳೆದುಕೊಂಡು ನಿಂತಿತು, ಅಂಚಿನಲ್ಲಿ ಹೊಸ ಬೆಳವಣಿಗೆಯ ತೆಳು ಬಿಳಿ ಗೆರೆ ಮತ್ತೆ ಬಂದಿದೆ. ಕತ್ತರಿಸಿದ ಐದು ತುಂಡಿನಲ್ಲಿ ಮೂರು ಬದುಕಿವೆ. ಒಂದರ ಚರ್ಮ ಅಂಟನ್ನು ಪೂರ್ತಿ ಮುಚ್ಚಿ ಪ್ಲಗ್ ಮೇಲೆ ಹರಡಿದೆ. ಇನ್ನೊಂದು ಅರ್ಧ ದಾರಿಯಲ್ಲಿದೆ. ಮೂರನೆಯದು ಇನ್ನೂ ಮಂಕಾಗಿದೆ, ರಾತ್ರಿ ಮಾತ್ರ ಪಾಲಿಪ್ ಬಿಡುತ್ತದೆ. ಅದನ್ನು ದಿನಾ ನೋಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಎದುರಿನ ಗಾಜಿನ ಮೇಲೆ ಬಸವನಹುಳು ಪಾಚಿ ತಿಂದು ಹೋದ ಅಂಕುಡೊಂಕು ದಾರಿ ಇತ್ತು, ಮೇಲಿನ ಅಂಚಿನವರೆಗೂ. ಅದನ್ನು ಒರೆಸದೆ ಬಿಟ್ಟಿದ್ದೇನೆ.